ಬೆಟ್ಟದ ಮೇಲೆ ಜೇನುನೊಣ ಇಲ್ಲ ಅಂತಲೇ?

ಪ್ರಶ್ನೆ: ಎತ್ತರದ ಬೆಟ್ಟಗಳಲ್ಲಿ ಗಂಡು-ಹೆಣ್ಣು ಕೂಡದೆಯೇ ಬೀಜ ಕಟ್ಟುವ ಗಿಡಗಳು ಹೆಚ್ಚಂತೆ. ಅಲ್ಲಿ ಜೇನುನೊಣ ಇಲ್ಲ, ಅದಕ್ಕೇ ತಾನೆ?

ಅಲ್ಲ. ಇಷ್ಟಕ್ಕೇ ನಿಲ್ಲಿಸುವ ಆಸೆ ನನಗೂ ಇದೆ. ಆದರೆ ಈ ಜೇನಿನ ಕಥೆ ಎಷ್ಟು ಸಲ ಹೊಡೆದರೂ ಮತ್ತೆ ಎದ್ದು ಬರುತ್ತದೆ.

ಆಲ್ಪ್ಸ್‌ನ ರನನ್‌ಕ್ಯುಲಸ್ ಕ್ಯುಪ್ಫೆರಿ ಎಂಬ ಬಿಳಿ ಹೂವಿನ ಗಿಡವನ್ನೇ ತೆಗೆದುಕೊಳ್ಳಿ. ಅದರಲ್ಲಿ ಎರಡು ಪಂಗಡ. 16 ವರ್ಣತಂತುಗಳದ್ದು ಕೂಡಿಯೇ ಬೀಜ ಕಟ್ಟುತ್ತದೆ, ನೈಋತ್ಯದ ಮೂಲೆ ಬಿಟ್ಟು ಕದಲಿಲ್ಲ. 32ರದ್ದು ಬಹುಪಾಲು ತಾಯಿಯ ನಕಲನ್ನೇ ಬೀಜದೊಳಗೆ ಕೂರಿಸುತ್ತದೆ, ಆಲ್ಪ್ಸ್‌ನ ಉದ್ದಕ್ಕೂ, ಇನ್ನೂ ತಂಪಾದ ಎತ್ತರಕ್ಕೂ ಹಬ್ಬಿದೆ.

“ನೋಡಿದ್ರಾ, ಜೇನಿಲ್ಲ!” ಅನ್ನಬೇಡಿ. ಈ ನಕಲುಗಾರನಿಗೂ ಪರಾಗ ಬೇಕು. ಭ್ರೂಣವೇನೋ ತಾಯಿಯದೇ ಪಡಿಯಚ್ಚು, ಆದರೆ ಅದಕ್ಕೆ ಉಣಿಸುವ ಎಂಡೋಸ್ಪರ್ಮ್ ಬೆಳೆಯಲು ಪರಾಗ ಬೀಳಲೇಬೇಕು. ಇನ್ನು ಇದರ ದಾಯಾದಿ ರನನ್‌ಕ್ಯುಲಸ್ ಗ್ಲೇಸಿಯಾಲಿಸ್ 4,000 ಮೀಟರ್ ದಾಟಿಯೂ ಸಿಗುತ್ತದೆ, ಅದು ಕೂಡಿಯೇ ಬೀಜ ಕಟ್ಟುವ ಗಿಡ. ಅಲ್ಲಿ ಸಾಮಾನ್ಯ ನೊಣಗಳೇ ಪರಾಗ ಹೊರುತ್ತವೆ. ಪರಾಗಸ್ಪರ್ಶ ಅಂದರೆ ಜೇನೊಂದೇ ಅಂತ ಯಾರು ಹೇಳಿಕೊಟ್ಟರೋ! ಜೇನೇ ಕಾರಣವಾಗಿದ್ದರೆ ಎರಡು ಪಂಗಡಗಳ ಗಡಿ ಎತ್ತರ ನೋಡಿಕೊಂಡು ಬೀಳಬೇಕಿತ್ತು. ಬಿದ್ದಿರುವುದು ಹಿಮಯುಗದ ಮಂಜುಗಡ್ಡೆ ಎಲ್ಲಿತ್ತು, ಎಲ್ಲಿರಲಿಲ್ಲ ಎಂಬುದನ್ನು ನೋಡಿಕೊಂಡು.

ಸುಮಾರು 20,000 ವರ್ಷಗಳ ಹಿಂದೆ ಆಲ್ಪ್ಸ್ ಬಹುತೇಕ ಮಂಜುಗಡ್ಡೆಯಡಿ ಇತ್ತು. ಅದು ಕರಗಿದಾಗ ಖಾಲಿ ನೆಲ ಸಿಕ್ಕಿತು. ಕೂಡುವ ಪಂಗಡಕ್ಕೆ ಅಲ್ಲಿ ಜೊತೆಗಾರ ಬೇಕು. ನಕಲುಗಾರನಿಗೆ ತನ್ನ ಪರಾಗವೇ ಸಾಕು, ಒಂದೇ ಬೀಜ ಬಿದ್ದರೂ ವಂಶ ಶುರು. ಇಮ್ಮಡಿಯಾದ ವರ್ಣತಂತುಗಳ ಜೊತೆಗೆ ಚಳಿ ತಾಳುವ ಗುಣವೂ ಸೇರಿಕೊಂಡಿತು.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಊಟಿ ರಸ್ತೆಯ ತೇವದ ಇಳಿಜಾರಿನಲ್ಲಿ ಕೆನ್ನೇರಳೆ ಕಾಂಡದ, ಬಿಳಿ ಕುಚ್ಚು ಹೂವಿನ ಪೊದೆ ನೋಡಿರುತ್ತೀರಿ. ಮೆಕ್ಸಿಕೋದಿಂದ ಬಂದ ಅಜೆರಟೈನಾ ಅಡೆನೊಫೊರಾ ಅದು. 17ರಂತೆ ಮೂರು ಕಟ್ಟು, ಒಟ್ಟು 51 ವರ್ಣತಂತು. ಕೂಡಿ ಬೀಜ ಕಟ್ಟಬೇಕಾದರೆ ವರ್ಣತಂತುಗಳು ಮೊದಲು ಅರ್ಧರ್ಧ ಪಾಲಾಗಬೇಕು, ಮೂರು ಕಟ್ಟನ್ನು ಸರಿಯಾಗಿ ಎರಡು ಪಾಲು ಮಾಡಲು ಬರುವುದಿಲ್ಲ. ಹಾಗಾಗಿ ಪರಾಗದ ಹಂಗೇ ಇಲ್ಲದೆ ನಕಲು ಬೀಜ ಕಟ್ಟಿ ಗಾಳಿಗೆ ಬಿಡುತ್ತದೆ. ಅದೂ ಎಲ್ಲಿ? ಕುರುಂಬರು ಬಂಡೆಯಿಂದ ಹೆಜ್ಜೇನು ಇಳಿಸುವ ನೀಲಗಿರಿಯಲ್ಲಿ!

ಮಲೆನಾಡಿನ ತೋಟದಂಚಿನ ಯುಪಟೋರಿಯಂ ಇದೇ ಅಂದುಕೊಳ್ಳಬೇಡಿ. ಅದು ಇದರ ನೆಂಟ, ಸೆಕೆಗೆ ಒಗ್ಗಿದ್ದು. ಇದಕ್ಕೆ ತಂಪು ಬೇಕು, ಅದಕ್ಕೇ ಘಟ್ಟ ಇಳಿದು ಬರುವುದಿಲ್ಲ.