ಚಿಕ್ಕ ಹಾಲ್‌ಗೆ ಟವರ್ ಸ್ಪೀಕರ್ ಬೇಕಾ, ಬುಕ್‌ಶೆಲ್ಫ್ ಸಾಕಾ?

ಪ್ರಶ್ನೆ: ನಮ್ಮ ಹಾಲ್ 10x12 ಅಡಿ. 40 ವ್ಯಾಟ್‌ನ ಆಂಪ್ಲಿಫೈಯರ್ ಇದೆ. ಜಾಸ್ತಿ ಕೇಳುವುದು ಕರ್ನಾಟಕ ಸಂಗೀತ, ಹಳೆಯ ಸಿನಿಮಾ ಹಾಡು. ಒಂದೇ ಬೆಲೆಗೆ ಟವರ್ (ನೆಲದ ಮೇಲೇ ನಿಲ್ಲುವ ಎತ್ತರದ ಸ್ಪೀಕರ್) ಜೋಡಿಯೂ ಇದೆ, ಬುಕ್‌ಶೆಲ್ಫ್ (ಸ್ಟ್ಯಾಂಡ್ ಮೇಲೆ ಇಡುವ ಚಿಕ್ಕ ಸ್ಪೀಕರ್) ಜೋಡಿಯೂ ಇದೆ. ದುಡ್ಡು ಅಷ್ಟೇ ಅಂದ ಮೇಲೆ ದೊಡ್ಡದನ್ನೇ ತಗೊಳ್ಳುವುದು ಒಳ್ಳೆಯದಲ್ವಾ?

ಉತ್ತರ: ನಿಮ್ಮ ಹಾಲ್‌ಗೆ ಬುಕ್‌ಶೆಲ್ಫೇ ಸರಿ. ಯಾಕೆ ಅಂತ ಹೇಳುತ್ತೇನೆ.

ಅಮೆರಿಕದಲ್ಲಿ 1957ರಲ್ಲಿ ಕೆಎಲ್‌ಎಚ್ ಎಂಬ ಸ್ಪೀಕರ್ ಕಂಪನಿ ಶುರುವಾಯಿತು. ಆ ಹೆಸರಿನ ‘ಎಚ್’ ಅಂದರೆ ಆಂಟನ್ ಹಾಫ್‌ಮನ್. ಅವರ ಹೆಸರಿನಲ್ಲೇ ಒಂದು ನಿಯಮ ಉಳಿದಿದೆ. ಪೆಟ್ಟಿಗೆ ಚಿಕ್ಕದಿರಬೇಕು, ಬೇಸ್ (ತಗ್ಗು ಸ್ವರ) ಆಳಕ್ಕಿಳಿಯಬೇಕು, ಕಡಿಮೆ ಪವರ್‌ಗೇ ಜೋರಾಗಿ ಕೇಳಬೇಕು. ಈ ಮೂರರಲ್ಲಿ ಎರಡು ಸಿಗುತ್ತವೆ, ಮೂರನೆಯದನ್ನು ಬಿಟ್ಟುಕೊಡಲೇಬೇಕು. ಎಷ್ಟು ದುಡ್ಡು ಸುರಿದರೂ ಇದು ಬದಲಾಗುವುದಿಲ್ಲ.

ಎರಡು ತುದಿಗಳನ್ನು ನೋಡಿ. ಪಾಲ್ ಕ್ಲಿಪ್ಶ್ 1946ರಲ್ಲಿ ತಂದ ಕ್ಲಿಪ್ಶ್‌ಹಾರ್ನ್ ಬೀರುವಿನಷ್ಟು ದೊಡ್ಡದು. ಅದನ್ನು ಕೋಣೆಯ ಮೂಲೆಯಲ್ಲೇ ಇಡಬೇಕು, ಅಲ್ಲಿಯ ಗೋಡೆಗಳೇ ಅದರ ಹಾರ್ನ್‌ನ (ಸದ್ದು ಹೊರಬರುವ ಕಹಳೆಯಂಥ ಬಾಯಿಯ) ಭಾಗ. ಆದರೆ 1 ವ್ಯಾಟ್‌ಗೆ ಸುಮಾರು 105 ಡೆಸಿಬಲ್ ಸದ್ದು ಕೊಡುತ್ತದೆ. ಇನ್ನೊಂದು ತುದಿಯಲ್ಲಿ, ಬಿಬಿಸಿ 1970ರ ದಶಕದಲ್ಲಿ ತನ್ನ ಹೊರಾಂಗಣ ಪ್ರಸಾರದ ವ್ಯಾನ್‌ಗಳಿಗೆ ಮಾಡಿಸಿಕೊಂಡ ಎಲ್‌ಎಸ್3/5ಎ. ಎತ್ತರ ಬರೀ ಒಂದಡಿ. ಮನುಷ್ಯರ ದನಿ ಅದರಲ್ಲಿ ಎಷ್ಟು ಸಹಜ ಅಂದರೆ ಜನ ಇವತ್ತಿಗೂ ಹುಡುಕಿಕೊಂಡು ಹೋಗುತ್ತಾರೆ. ಆದರೆ 1 ವ್ಯಾಟ್‌ಗೆ 82-83 ಡೆಸಿಬಲ್ ಅಷ್ಟೇ. ಕ್ಲಿಪ್ಶ್‌ಹಾರ್ನ್‌ನ ಮಟ್ಟಕ್ಕೆ ಇದು ಕೂಗಬೇಕು ಅಂದರೆ ನೂರು ಪಟ್ಟಿಗಿಂತ ಜಾಸ್ತಿ ಪವರ್ ಬೇಕು. ಅಷ್ಟು ಕೊಟ್ಟರೆ ಸ್ಪೀಕರೇ ಸುಟ್ಟುಹೋಗುತ್ತದೆ, ಆ ಮಾತು ಬೇರೆ.

ಹಾಗಾಗಿ ವ್ಯಾಟ್ ನೋಡುವ ಮೊದಲು ಸೆನ್ಸಿಟಿವಿಟಿ, ಅಂದರೆ 1 ವ್ಯಾಟ್‌ಗೆ ಎಷ್ಟು ಡೆಸಿಬಲ್ ಸದ್ದು ಅನ್ನುವುದನ್ನು ನೋಡಿ. ಇಲ್ಲಿ 3 ಡೆಸಿಬಲ್ ಕಡಿಮೆಯಾದರೆ ಅಷ್ಟೇ ಸದ್ದಿಗೆ ಎರಡು ಪಟ್ಟು ಪವರ್ ಬೇಕು. 90 ಡೆಸಿಬಲ್ ಸ್ಪೀಕರ್‌ಗೆ 10 ವ್ಯಾಟ್ ಸಾಕಾದ ಕಡೆ 84ರದ್ದಕ್ಕೆ 40 ಬೇಕು. ಚಿಕ್ಕ ಹಾಲ್‌ನಲ್ಲಿ ಹತ್ತಿರ ಕೂತು ಕೇಳುವ ನಿಮಗೆ 85-86 ಇದ್ದರೂ ತೊಂದರೆ ಇಲ್ಲ. (ಡಬ್ಬದ ಮೇಲಿನ ಪಿಎಂಪಿಒ, ಅಂದರೆ ಉಬ್ಬಿಸಿ ಬರೆದ ವ್ಯಾಟ್ ಸಂಖ್ಯೆಯನ್ನು ಮಾತ್ರ ಸುಮ್ನೆ ಓದಿ ನಕ್ಕುಬಿಡಿ.)

ಇನ್ನು ಕೋಣೆಯ ವಿಷಯ. ಅಸಲು ತಕರಾರು ಇರುವುದೇ ಇಲ್ಲಿ. ಎದುರುಬದುರು ಗೋಡೆಗಳ ಮಧ್ಯೆ 12 ಅಡಿ ಇದ್ದರೆ 47 ಹರ್ಟ್ಸ್ (ಸೆಕೆಂಡಿಗೆ 47 ಕಂಪನ) ಹತ್ತಿರದ ತಗ್ಗು ಸ್ವರ ಅಲ್ಲೇ ಸಿಕ್ಕಿಕೊಂಡು ಊದಿಕೊಳ್ಳುತ್ತದೆ. 10 ಅಡಿಗೆ ಅದು 56 ಹರ್ಟ್ಸ್. ನಮ್ಮ ಮನೆಗಳಲ್ಲಿ ಸೀಲಿಂಗ್ ಎತ್ತರವೂ ಸಾಮಾನ್ಯವಾಗಿ 10 ಅಡಿಯೇ. ಅಂದರೆ ಅಗಲವೂ ಎತ್ತರವೂ ಸೇರಿ ಅದೇ 56ನ್ನು ಇಮ್ಮಡಿಯಾಗಿ ಎತ್ತುತ್ತವೆ. 35-40 ಹರ್ಟ್ಸ್‌ವರೆಗೆ ಇಳಿಯುವ ಟವರ್ ತಂದಿಟ್ಟರೆ ಯಾವ ಹಾಡು ಹಾಕಿದರೂ ಕೆಳಗೆ ಒಂದೇ ‘ಗುಂಯ್’ ಕೇಳುತ್ತದೆ. ಟವರ್‌ನ ತಪ್ಪೇನೂ ಇಲ್ಲ, ಪಾಪ. 55-60 ಹರ್ಟ್ಸ್ ಹತ್ತಿರವೇ ಬೇಸ್ ಸದ್ದು ತಗ್ಗತೊಡಗುವ ಬುಕ್‌ಶೆಲ್ಫ್ ಈ ಕಾಟವನ್ನು ಪೂರ್ತಿ ತಪ್ಪಿಸುವುದಿಲ್ಲ, ಆದರೆ ಬಹಳ ಕಡಿಮೆ ಮಾಡುತ್ತದೆ.

ಅದರಿಂದ ನಿಮ್ಮ ಸಂಗೀತಕ್ಕೆ ನಷ್ಟ ಎಷ್ಟು? ಗಾಯಕರ ಶ್ರುತಿ ‘ಸಿ’ ಅಂದುಕೊಳ್ಳಿ. ತಂಬೂರಿಯ ಮಂದ್ರ ಷಡ್ಜ ಸುಮಾರು 65 ಹರ್ಟ್ಸ್‌ನಲ್ಲಿರುತ್ತದೆ. ಅದು ಬಂತು ಅಂದರೆ ಕಛೇರಿಯ ಹೆಚ್ಚಿನದೆಲ್ಲ ಬಂದಂತೆ. ಸಿನಿಮಾ ಹಾಡಿನ ಬೇಸ್ ಗಿಟಾರ್ 41 ಹರ್ಟ್ಸ್‌ವರೆಗೆ ಹೋಗುತ್ತದೆ. ಅಲ್ಲಿ ಸ್ವಲ್ಪ ತೂಕ ಕಳೆದುಕೊಳ್ಳುತ್ತೀರಿ, ನಿಜ. ನನ್ನ ಮಟ್ಟಿಗೆ ಅದು ಒಪ್ಪಿಕೊಳ್ಳಬಹುದಾದ ನಷ್ಟ. 15x20 ಅಡಿ ಹಾಲ್ ಇದ್ದು, ಆ್ಯಕ್ಷನ್ ಸಿನಿಮಾ ನೋಡುವವರಾಗಿದ್ದರೆ ಟವರ್ ತಗೊಳ್ಳಿ ಅಂತಲೇ ಹೇಳುತ್ತಿದ್ದೆ.

ಒಂದೇ ಬೆಲೆ ಅಂದಿರಲ್ವಾ? ಟವರ್‌ನಲ್ಲಿ ಆ ದುಡ್ಡು ದೊಡ್ಡ ಪೆಟ್ಟಿಗೆಗೆ, ಎರಡು-ಮೂರು ವೂಫರ್‌ಗೆ (ತಗ್ಗು ಸ್ವರ ಹೊರಡಿಸುವ ಭಾಗ) ಹಂಚಿಹೋಗುತ್ತದೆ. ಬುಕ್‌ಶೆಲ್ಫ್‌ನಲ್ಲಿ ಇರುವುದೇ ಒಂದು ವೂಫರ್, ಒಂದು ಟ್ವೀಟರ್ (ತಾರಕ ಸ್ವರ ಹೊರಡಿಸುವ ಭಾಗ). ಅವುಗಳಿಗೆ, ಸ್ವರಗಳನ್ನು ಅವೆರಡಕ್ಕೂ ಹಂಚಿಕೊಡುವ ಕ್ರಾಸೋವರ್‌ಗೆ ಜಾಸ್ತಿ ಖರ್ಚು ಮಾಡಲು ಕಂಪನಿಗೆ ಅವಕಾಶ ಇರುತ್ತದೆ.

ಅಂಗಡಿಯಲ್ಲಿ ಕೇಳುವಾಗ ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತರಲು ಹೇಳಿ. ಸ್ವಲ್ಪ ಜೋರಾಗಿರುವುದು ಯಾವತ್ತೂ ಚೆನ್ನಾಗಿಯೇ ಕೇಳುತ್ತದೆ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಅವರ ಡೆಮೊ ಹಾಡು ಬೇಡ. ನೀವು ಬಾಯಿಪಾಠವಾಗುವಷ್ಟು ಕೇಳಿದ ಹಾಡು ಹಾಕಿಸಿ. ‘ಸ’, ‘ಶ’ ಕಿವಿಗೆ ಚುಚ್ಚುತ್ತವಾ ನೋಡಿ. ಬರೀ ಟೈಲ್ಸ್ ಮತ್ತು ಕಿಟಕಿ ಗಾಜಿನ ಹಾಲ್‌ನಲ್ಲಿ ಆ ಚುಚ್ಚು ಇನ್ನೂ ಜಾಸ್ತಿಯಾಗುತ್ತದೆ. ನೆಲಕ್ಕೊಂದು ದಪ್ಪ ಜಮಖಾನೆ ಹಾಸಿದರೆ, ಕಿಟಕಿಗೆ ಭಾರದ ಪರದೆ ಹಾಕಿದರೆ ತಗ್ಗುತ್ತದೆ.

ಸ್ಟ್ಯಾಂಡ್‌ನ ದುಡ್ಡನ್ನು ಮೊದಲೇ ಎತ್ತಿಡಿ. ಟ್ವೀಟರ್ ಕೂತವರ ಕಿವಿಯ ಎತ್ತರಕ್ಕೆ ಬರಬೇಕು. ಪೆಟ್ಟಿಗೆಯ ಹಿಂದೆ ಬೇಸ್ ಪೋರ್ಟ್ (ಬೇಸ್ ಹೊರಬರುವ ತೂತು) ಇದ್ದರೆ ಗೋಡೆಯಿಂದ ಒಂದಡಿಯಾದರೂ ಮುಂದಿಡಿ. ಬುಕ್‌ಶೆಲ್ಫ್ ಅಂತ ಹೆಸರಿದೆ ಅಂದುಕೊಂಡು ಟಿವಿ ಪಕ್ಕದ ಶೋಕೇಸ್‌ನೊಳಗೆ ತುರುಕಿದರೆ, ಟವರ್ ಬೇಡ ಅಂದಿದ್ದು ಯಾವ ‘ಗುಂಯ್’ ತಪ್ಪಿಸಲೋ ಅದೇ ಮತ್ತೆ ಬರುತ್ತದೆ.