ಅಲ್ಲಾಡದೆ ನಿಂತ ನಾಯಿಗೆ ಆರಾಮವಿದೆ ಎಂದುಕೊಳ್ಳಬೇಡಿ

ಬೌದ್ಧಿಕ ಸವಾಲುಳ್ಳ ಮಕ್ಕಳ ಬಡ್ಸ್ ಶಾಲೆಗೋ, ತೀವ್ರ ಕಾಯಿಲೆಯವರ ನೋವು ತಗ್ಗಿಸುವ ಪಾಲಿಯೇಟಿವ್ ಕೇಂದ್ರಕ್ಕೋ, ಅಲ್ಲಿಯವರ ಮನಸ್ಸಿಗೆ ಹಿತವಾಗಲೆಂದು ನಾಯಿಯನ್ನು ಕರೆದೊಯ್ಯುತ್ತೇವೆ ಎಂದು ಮುಂದೆ ಬರುವವರು ಹೆಚ್ಚಾಗಿ ಹೇಳುವುದು ಒಂದೇ: ‘ನಮ್ಮದು ಪಾಪದ ನಾಯಿ, ಮಕ್ಕಳು ಏನು ಮಾಡಿದರೂ ಸುಮ್ಮನಿರುತ್ತದೆ.’ ನನಗೆ ಹೆದರಿಕೆಯಾಗುವುದು ಅಲ್ಲಿಯೇ. ಹೆದರಿದ ನಾಯಿಯೂ ಅಲ್ಲಾಡದೆ ನಿಲ್ಲುತ್ತದೆ.

ಬಾಯಿ ಬಿಗಿಹಿಡಿದಿದೆಯೇ? ನಿದ್ದೆ ಇಲ್ಲದ ಹೊತ್ತಿನಲ್ಲಿ ಆಕಳಿಸುತ್ತಿದೆಯೇ, ತಿಂಡಿ ಇಲ್ಲದೆ ಮೂತಿ ನೆಕ್ಕುತ್ತಿದೆಯೇ? ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತಿದೆಯೇ? ಮನೆಯಲ್ಲಿ ಆಸೆಯಿಂದ ತಿನ್ನುವ ಬಿಸ್ಕತ್ತನ್ನು ಇಲ್ಲಿ ಮೂಸಿ ಬಿಟ್ಟಿತೇ? ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೂ ಹೊರಗೆ ಕರೆತನ್ನಿ. ಗುರುಗುಟ್ಟಿದ್ದಕ್ಕೆ ಗದರಬೇಡಿ, ಗದರಿಸಿಕೊಂಡ ನಾಯಿ ಮುಂದಿನ ಸಲ ಎಚ್ಚರಿಸದೆ ಕಚ್ಚಬಹುದು.

ಮನೆಯಲ್ಲೇ ಪರೀಕ್ಷಿಸಬಹುದು. ಎದೆಯ ಬದಿಯನ್ನು 3 ಸೆಕೆಂಡು ಸವರಿ, ಕೈ ತೆಗೆಯಿರಿ. ಮತ್ತೆ ಒತ್ತಿಕೊಂಡು ಬಂದರೆ ಅದಕ್ಕೆ ಬೇಕು ಎಂದರ್ಥ. ಮೈ ಕೊಡವಿ ದೂರ ಹೋದರೆ, ನಿಂತಲ್ಲೇ ನಿಂತರೂ, ಸಾಕು ಎಂದೇ ತಿಳಿಯಿರಿ. ಭೇಟಿಯಲ್ಲೂ ಹೀಗೆಯೇ ನಡುನಡುವೆ ಕೇಳುತ್ತಿರಬೇಕು. ನಿಮ್ಮ ಕಣ್ಣು ಮಗುವಿನ ನಗುವಿನ ಮೇಲಲ್ಲ, ನಾಯಿಯ ಮೇಲಿರಲಿ. ನಗುವನ್ನು ನೋಡಲು ಟೀಚರ್ ಇದ್ದಾರೆ.

ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದವರಿರುವ ಕಾಸರಗೋಡಿನ ಎಣ್ಮಕಜೆ ಕಡೆಯಲ್ಲಿ ಸ್ನಾಯು ಬಿಗಿತವಿರುವ ಮಕ್ಕಳನ್ನು ಕಾಣುತ್ತೀರಿ. ಅಂಥ ಮಗು ರೋಮ ಹಿಡಿದರೆ ಬಿಡಬೇಕೆಂದರೂ ಬಿಡಲಾಗುವುದಿಲ್ಲ. ನಾಯಿಯನ್ನು ಎಳೆಯಬೇಡಿ. ಮಗುವಿನ ಮಣಿಕಟ್ಟನ್ನು ಅಂಗೈಯ ಕಡೆಗೆ ಮೆಲ್ಲನೆ ಬಾಗಿಸಿದರೆ ಬೆರಳುಗಳು ಸಡಿಲುತ್ತವೆ. ಫಿಸಿಯೋಥೆರಪಿಸ್ಟರ ಕೈಯಿಂದ ಮೊದಲೇ ಕಲಿತುಕೊಳ್ಳಿ.

ನಾಯಿಗೆ ಗಾಲಿಕುರ್ಚಿಯ ಅಭ್ಯಾಸ ನಿಂತ ಕುರ್ಚಿಯಿಂದ ಶುರುವಾಗಲಿ, ಆಮೇಲೆ ದೂರದಲ್ಲಿ ಉರುಳಲಿ, ಕೊನೆಗೆ ಹತ್ತಿರ. ಸ್ಟೀಲ್ ತಟ್ಟೆ ಬೀಳುವ ಸದ್ದು, ನುಣುಪು ಟೈಲ್ಸ್ ನೆಲ, ಎರಡೂ ರೂಢಿಯಾಗಬೇಕು. ಹಗ್ಗ 4ರಿಂದ 6 ಅಡಿ ಸಾಕು. ಉದ್ದಕ್ಕೆ ಬಿಚ್ಚಿಕೊಳ್ಳುವ ಬೆಲ್ಟ್ ಬೇಡ.

ವರ್ಷ ತುಂಬದ ಮರಿ ಬೇಡ. ರೇಬೀಸ್ ಲಸಿಕೆಯ ಪುಸ್ತಕ ಕೈಯಲ್ಲಿರಲಿ. ಮಳೆಗಾಲದಲ್ಲಿ ತೋಟದ ಕೆಸರು ತುಳಿಯುವ ನಾಯಿಗೆ ಇಲಿಜ್ವರದ ಲಸಿಕೆಯನ್ನೂ ಪಶುವೈದ್ಯರಲ್ಲಿ ಕೇಳಿ. ಹಸಿಮಾಂಸ ತಿನ್ನುವ ನಾಯಿಯನ್ನು ರೋಗಿಗಳ ಬಳಿ ತರಲೇಬಾರದು. ಉಗುರು ಕತ್ತರಿಸಿ ಅಂಚನ್ನು ಉಜ್ಜಿರಬೇಕು, ಮುದುಕರ ಚರ್ಮ ಸುಲಭಕ್ಕೆ ಹರಿಯುತ್ತದೆ. ಮೊದಮೊದಲು ಅರ್ಧ ಗಂಟೆ ಮೀರಬೇಡಿ.

ಇಷ್ಟಾಗಿಯೂ ಹಲ್ಲೋ ಉಗುರೋ ತಾಗಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ನಾಯಿಗೆ ಲಸಿಕೆಯಾಗಿದ್ದರೂ ಅಂದೇ ವೈದ್ಯರಿಗೆ ತೋರಿಸಿ.