ಬೆರಳ ಮರೆಯ ಗ್ಯಾಲಕ್ಸಿಗಳು

ಲಾಸ್ ಏಂಜಲೀಸ್‌ನ ಗ್ರಿಫಿತ್ ವೀಕ್ಷಣಾಲಯಕ್ಕೆ ಪುಟ್ಟ ಮಕ್ಕಳೊಂದಿಗೆ ಹೋಗುವವರು ಎಲ್ಲವನ್ನೂ ತೋರಿಸಿಬಿಡುವ ಆಸೆಯನ್ನು ಕೈಬಿಡುವುದು ಒಳ್ಳೆಯದು. ಒಳಗೆ ಕಾಲಿಟ್ಟೊಡನೆ ಸಿಗುವ ಫುಕೋ ಲೋಲಕವೊಂದೇ ಸಾಕಷ್ಟು ಸಮಯ ಬೇಡುತ್ತದೆ. ಸುಮಾರು 12 ಮೀಟರ್ ಉದ್ದದ ತಂತಿಗೆ ಕಟ್ಟಿದ 109 ಕಿಲೋ ತೂಕದ ಹಿತ್ತಾಳೆ ಗುಂಡು ಅತ್ತಿಂದಿತ್ತ ತೂಗುತ್ತಿರುತ್ತದೆ. ಒಮ್ಮೆ ಹೋಗಿ ಬರಲು ಏಳು ಸೆಕೆಂಡು. ಕೆಳಗೆ ವೃತ್ತಾಕಾರವಾಗಿ ಸಣ್ಣ ಗೂಟಗಳನ್ನು ನಿಲ್ಲಿಸಿದ್ದಾರೆ. ಗುಂಡು ಗೂಟವನ್ನು ಇನ್ನೇನು ತಾಕಿತು ಎನ್ನುವಷ್ಟು ಹತ್ತಿರ ಬಂದು ಹಿಂದಿರುಗಿದಾಗಲೆಲ್ಲ ನನ್ನ ಐದು ವರ್ಷದ ಮಗಳು ಉಸಿರು ಬಿಗಿಹಿಡಿಯುತ್ತಿದ್ದಳು. ಕೊನೆಗೂ ಒಂದು ಗೂಟ ಉರುಳಿತು.

"ಗುಂಡು ಯಾಕಪ್ಪ ದಾರಿ ಬದಲಿಸಿತು?"

"ಅದು ಬದಲಿಸಲಿಲ್ಲ ಪುಟ್ಟಿ. ನಾವು ನಿಂತಿರುವ ನೆಲವೇ ತಿರುಗಿತು."

ಅವಳು ಬಗ್ಗಿ ತನ್ನ ಚಪ್ಪಲಿಗಳನ್ನೇ ನೋಡಿಕೊಂಡಳು. ಭೂಮಿ ತಿರುಗುತ್ತದೆ ಎಂಬುದನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ. ಕಣ್ಣಾರೆ ಕಂಡವರು ಕಡಿಮೆ. ಈ ಲೋಲಕ ತೂಗುವ ದಿಕ್ಕು ಪೂರ್ತಿ ಒಂದು ಸುತ್ತು ಬರಲು ಸುಮಾರು 42 ಗಂಟೆ ಬೇಕು. ಧ್ರುವದಲ್ಲಾದರೆ ಒಂದು ದಿನ ಸಾಕು. ಭೂಮಧ್ಯರೇಖೆಗೆ ಹತ್ತಿರವಿರುವ ನಮ್ಮ ಬೆಂಗಳೂರಿನಲ್ಲಿ ನಾಲ್ಕು ದಿನಕ್ಕೂ ಹೆಚ್ಚು. ಭೂಮಧ್ಯರೇಖೆಯ ಮೇಲೆ ಅದು ಸುತ್ತುವುದೇ ಇಲ್ಲ: ಅಲ್ಲಿ ನೆಲ ಲೋಲಕವನ್ನು ಹೊತ್ತುಕೊಂಡು ಪೂರ್ವಕ್ಕೆ ಸಾಗುತ್ತದೆಯೇ ಹೊರತು ಅದರ ಕೆಳಗೆ ಬುಗುರಿಯಂತೆ ತಿರುಗುವುದಿಲ್ಲ.

1935ರಲ್ಲಿ ತೆರೆದ ಈ ವೀಕ್ಷಣಾಲಯವನ್ನು 2002ರಲ್ಲಿ ಮುಚ್ಚಿ, ಸುಮಾರು 9.3 ಕೋಟಿ ಡಾಲರ್ ವೆಚ್ಚದಲ್ಲಿ ನವೀಕರಿಸಿ, 2006ರ ನವೆಂಬರ್‌ನಲ್ಲಿ ಮತ್ತೆ ತೆರೆದರು. ಬೆಟ್ಟದ ಮೇಲಿನ ಬಿಳಿ ಕಟ್ಟಡದ ಚೆಲುವು ಕೆಡಬಾರದೆಂದು ಮುಂದಿನ ಹುಲ್ಲುಹಾಸಿನ ಅಡಿಯನ್ನು ಅಗೆದು ಹೊಸ ಸಭಾಂಗಣಗಳನ್ನು ಕಟ್ಟಿದ್ದು ನನಗೆ ಬಹಳ ಹಿಡಿಸಿತು.

ಆ ನೆಲಮಾಳಿಗೆಯ ಒಂದು ಗೋಡೆಯ ತುಂಬ, 46 ಮೀಟರ್ ಉದ್ದಕ್ಕೆ, ಕನ್ಯಾ ಗ್ಯಾಲಕ್ಸಿ ಸಮೂಹದ ಚಿತ್ರವಿದೆ. ಪಾಲೊಮಾರ್ ವೀಕ್ಷಣಾಲಯದ ದೂರದರ್ಶಕ ಸೆರೆಹಿಡಿದ ಚಿತ್ರವದು. ಅದರಲ್ಲಿ ಸುಮಾರು ಹತ್ತು ಲಕ್ಷ ಗ್ಯಾಲಕ್ಸಿಗಳಿವೆ. ಎದುರಿನ ಬೆಂಚಿನ ಮೇಲೆ ಕುಳಿತ ಐನ್‌ಸ್ಟೈನರ ಕಂಚಿನ ಪ್ರತಿಮೆ ಕಣ್ಣಿಂದ ಒಂದಡಿ ದೂರದಲ್ಲಿ ತೋರುಬೆರಳು ಎತ್ತಿ ಹಿಡಿದಿದೆ. ಆ ಬೆರಳು ಆಕಾಶದಲ್ಲಿ ಎಷ್ಟು ಜಾಗವನ್ನು ಮರೆಮಾಡುತ್ತದೆಯೋ ಅಷ್ಟರ ಚಿತ್ರವೇ ಆ ಇಡೀ ಗೋಡೆ! ಮಗಳು ಪಕ್ಕದಲ್ಲಿ ಕುಳಿತು ತನ್ನ ಬೆರಳನ್ನೂ ಎತ್ತಿದಳು. ಅದು ಇನ್ನೂ ಸಣ್ಣದು, ಆದರೂ ಅದರ ಹಿಂದೆ ಲಕ್ಷಾಂತರ ಗ್ಯಾಲಕ್ಸಿಗಳು.

ಈ ವೀಕ್ಷಣಾಲಯ ಹೊತ್ತಿರುವುದು ಗ್ರಿಫಿತ್ ಎಂಬ ದಾನಿಯ ಹೆಸರನ್ನು. ಮೌಂಟ್ ವಿಲ್ಸನ್ ವೀಕ್ಷಣಾಲಯದ 60 ಇಂಚಿನ ದೂರದರ್ಶಕದಲ್ಲಿ ಆಕಾಶ ಕಂಡು ಬೆರಗಾದ ಆತ, ಆ ನೋಟ ಸಾಮಾನ್ಯರಿಗೂ ದಕ್ಕಲೆಂದು ತನ್ನ ಉಯಿಲಿನಲ್ಲಿ ಹಣವಿಟ್ಟು 1919ರಲ್ಲಿ ತೀರಿಕೊಂಡ. ಇಂದಿಗೂ ಪ್ರವೇಶ ಉಚಿತ, ತಾರಾಲಯದ ಪ್ರದರ್ಶನಕ್ಕೆ ಮಾತ್ರ ಟಿಕೆಟ್. ಆಕಾಶ ತಿಳಿಯಾಗಿರುವ ರಾತ್ರಿಗಳಲ್ಲಿ ಚಾವಣಿಯ ಗುಮ್ಮಟದಲ್ಲಿರುವ 12 ಇಂಚಿನ ಝೈಸ್ ದೂರದರ್ಶಕದ ಮುಂದೆ ಯಾರು ಬೇಕಾದರೂ ಸರದಿಯಲ್ಲಿ ನಿಲ್ಲಬಹುದು. ಕೆಳಗಿನ ನಗರದ ಬೆಳಕು ಮಸುಕಾದ ಗ್ಯಾಲಕ್ಸಿಗಳನ್ನು ನುಂಗಿಹಾಕುತ್ತದೆ, ನಿಜ. ಚಂದ್ರನ ಕುಳಿಗಳು, ಶನಿಯ ಉಂಗುರಗಳು ಸಾಕಷ್ಟು ಪ್ರಕಾಶಮಾನ; ಅವು ಅಲ್ಲಿಂದಲೂ ಸ್ಪಷ್ಟವಾಗಿ ಕಾಣುತ್ತವೆ.